ಬಾಟ್ಲಿಯೊಳಗಿನ ವೈರಾಗ್ಯ

ಚಿಯಾ ಸಾಹೇಬರನ್ನು ಗುರುತಿಸಲು ಯಾರೂ ಪರಿಚಯ ಮಾಡಿಸಬೇಕಿಲ್ಲ. ಹಳೆಯ ಬಾಗಲಕೋಟೆಯ ತಗ್ಗು ಭಾಗ ಆಲಮಟ್ಟಿ ಹಿನ್ನೀರಿಗೆ ಹೋದಾಗ ಎದ್ದುನಿಂತ ನವನಗರದ ಸೆಕ್ಟರ್ ರಸ್ತೆಗಳಲ್ಲಿ ಬೆಳಿಗ್ಗೆ ಆರಕ್ಕೆ ವಾಕಿಂಗ್ ಹೊರಟ ಗುಂಪನ್ನು ನೋಡಿ. ಯಾರ ಕೈಯ ಬಾಟ್ಲಿಯಲ್ಲಿ ಕಪ್ಪೆ ಮೊಟ್ಟೆಗಳ ಹಾಗೆ ಲೋಳೆಗಟ್ಟಿದ ಕಾಳು ತೇಲುತ್ತಿರುತ್ತವೋ ಅವರೇ ಚಿಯಾ ಸಾಹೇಬರು. ವಯಸ್ಸು ಐವತ್ತರ ಆಚೀಚೆ. ಬ್ಯಾಂಕಿನಲ್ಲೋ ಕಾಲೇಜಿನಲ್ಲೋ ನೌಕರಿ, ಇಲ್ಲವೆ ಈಗಷ್ಟೇ ಪೆನ್ಶನ್. ಮೊದಲ ಪಾಕೀಟು ಬೆಂಗಳೂರಿನ ಮಗಳು ಕಳಿಸಿದ್ದು, ಎರಡನೆಯದನ್ನು ಅವರೇ ತರಿಸಿದ್ದು, ಮೂರನೆಯದರಿಂದ ಊರಿಗೆ ಹಂಚಿಕೆ. ಬಾಟ್ಲಿ ಪಾರದರ್ಶಕವೇ ಆಗಿರಬೇಕೆಂದು ಅವರ ಹಟ. “ಏನೈತ್ರಿ ಸರ ಬಾಟ್ಲ್ಯಾಗ?” ಎಂದು ಯಾರಾದರೂ ಕೇಳದಿದ್ದರೆ ಅರ್ಧ ಗುಣ ಹೋದ ಹಾಗೆ. ಕೇಳಿದರೆ ಉತ್ತರ ತಯಾರಿದೆ: “ಚಿಯಾ ರೀ. ಮುಂಜಾನೆ ಎರಡ ಚಮಚಾ ಕುಡದ್ರ ಸಂಜೀತನಕ ಹಸಿವ ಅನ್ನೂದ ಇರಂಗಿಲ್ಲ.” ಈ ಮಾತು ನಡೆಯುವುದು ಇಡ್ಲಿ-ವಡೆ ಹೋಟೆಲಿನ ಎದುರು, ಪ್ಲೇಟು ಬರುವವರೆಗಿನ ಬಿಡುವಿನಲ್ಲಿ. ಬದಾಮಿಯಲ್ಲಿ ಇವರೇ ಅಗಸ್ತ್ಯತೀರ್ಥದ ಸುತ್ತ ನಡೆಯುತ್ತಾರೆ, ಹುನಗುಂದದಲ್ಲಿ ಬಸ್‌ಸ್ಟ್ಯಾಂಡಿನ ಕಡೆಗೆ, ಇಳಕಲ್ಲಿನಲ್ಲಿ ಸೀರೆ ಅಂಗಡಿಯ ಗಾದಿಯ ಮೇಲೆ ಕೂತೇ ಕುಡಿಯುತ್ತಾರೆ. ಊರು ಬೇರೆ, ಬಾಟ್ಲಿ ಒಂದೇ.

ಇವರನ್ನು ನೋಡಿ ನಗುವವರು ಕಾಳನ್ನೂ ಸೇರಿಸಿ ನಗುತ್ತಾರೆ. ಅದು ಅನ್ಯಾಯ. ಚಿಯಾ ಮೆಕ್ಸಿಕೊ, ಗ್ವಾಟೆಮಾಲಾ ಕಡೆಯ ಬೆಳೆ, ನಮ್ಮ ತುಳಸಿ, ಕಾಮಕಸ್ತೂರಿಗಳ ಕುಟುಂಬಕ್ಕೆ ಸೇರಿದ್ದು. ಆಜ್ಟೆಕ್ ಅರಸರು ಕಪ್ಪವಾಗಿ ವಸೂಲು ಮಾಡುತ್ತಿದ್ದ ದವಸಗಳಲ್ಲಿ ಇದೂ ಇತ್ತು. ನೂರು ಗ್ರಾಂ ಕಾಳಿನಲ್ಲಿ ಸುಮಾರು 34 ಗ್ರಾಂ ನಾರು, 17 ಗ್ರಾಂ ಪ್ರೋಟೀನು, 30 ಗ್ರಾಂ ಕೊಬ್ಬು. ನೀರಿಗೆ ಬಿದ್ದರೆ ಸಿಪ್ಪೆಯಿಂದ ಲೋಳೆ ಹೊರಟು, ತನ್ನ ತೂಕದ ಹತ್ತು ಪಟ್ಟಿನಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೊಟ್ಟೆಯಲ್ಲಿ ಈ ಲೋಳೆ ಜಾಗ ಹಿಡಿಯುತ್ತದೆ, ತಿಂದದ್ದು ಕೆಳಗಿಳಿಯುವುದು ನಿಧಾನವಾಗುತ್ತದೆ, ರಕ್ತದ ಸಕ್ಕರೆ ಏರುವುದೂ ನಿಧಾನ. ಹೀಗಾಗಿ ಸ್ವಲ್ಪ ಹೊತ್ತು ಹಸಿವು ತಗ್ಗಬೇಕು, ತಗ್ಗುತ್ತದೆ ಕೂಡ. ಟರ್ಕಿಯಲ್ಲಿ ಮಾಡಿ 2017ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ 24 ಮಹಿಳೆಯರಿಗೆ ಬೆಳಗಿನ ತಿಂಡಿಗೂ ಊಟಕ್ಕೂ ನಡುವೆ ಮೊಸರು ಕೊಟ್ಟರು, ಒಂದು ದಿನ ಬರಿಯ ಮೊಸರು, ಇನ್ನೊಂದು ದಿನ 7 ಗ್ರಾಂ, ಮತ್ತೊಂದು ದಿನ 14 ಗ್ರಾಂ ಚಿಯಾ ಬೆರೆಸಿದ ಮೊಸರು. ಚಿಯಾ ತಿಂದ ದಿನ ಹಸಿವು ಕಡಿಮೆ, ಊಟವೂ ಕಡಿಮೆ. ಇಲ್ಲಿಗೆ ಸಾಹೇಬರು ಗೆದ್ದರು ಎನ್ನಬಹುದು. ಆದರೆ ಅವರಿಗೆ ವಾಟ್ಸಾಪಿನಲ್ಲಿ ಬಂದದ್ದು ಇಷ್ಟೇ, ಮುಂದಿನ ಪುಟ ಬರಲಿಲ್ಲ. 2009ರಲ್ಲಿ ಅಮೆರಿಕದಲ್ಲಿ ತೂಕ ಹೆಚ್ಚಿದವರಿಗೆ ದಿನಕ್ಕೆ 50 ಗ್ರಾಂನಂತೆ 12 ವಾರ ಚಿಯಾ ಕೊಟ್ಟು, ಕೊಡದವರ ಜೊತೆ ಹೋಲಿಸಿ ನೋಡಿದ್ದರು. 76 ಜನ ಪೂರ್ತಿ ಮುಗಿಸಿದರು. ತೂಕದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಟೊರೊಂಟೊದವರು 2017ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ ಸಕ್ಕರೆ ಕಾಯಿಲೆಯ 77 ಜನರಿದ್ದರು. ಆರು ತಿಂಗಳಲ್ಲಿ ಚಿಯಾ ತಿಂದವರು 1.9 ಕಿಲೊ ಇಳಿದರು, ಉಳಿದವರು 0.3 ಕಿಲೊ. ಈ ಪ್ರಯೋಗದಲ್ಲಿ ಇಳಿದದ್ದೇಕೆ, ಮೊದಲಿನದರಲ್ಲಿ ಇಳಿಯಲಿಲ್ಲವೇಕೆ? ಟೊರೊಂಟೊದಲ್ಲಿ ಎಲ್ಲರಿಗೂ ಊಟವನ್ನೇ ಅಳೆದು ಕಡಿಮೆ ಮಾಡಿಸಿದ್ದರು, ಚಿಯಾ ಆ ಅಳತೆಯ ಒಳಗೆ ಕೂತಿತ್ತು. ಅಮೆರಿಕದವರಿಗೆ ಊಟ ಎಂದಿನಂತೆ, ಕಾಳು ಅದರ ಮೇಲೆ. ನನ್ನ ಇಡೀ ತಕರಾರು ಈ ‘ಒಳಗೆ’ ಮತ್ತು ‘ಮೇಲೆ’ಗಳ ನಡುವೆ ಇದೆ. ಸಾಹೇಬರ ಚಿಯಾ ಯಾವಾಗಲೂ ಮೇಲಿನದು.

ಲೆಕ್ಕ ಹಾಕಿ. ಎರಡು ದೊಡ್ಡ ಚಮಚ ಕಾಳು ಎಂದರೆ ಸುಮಾರು 25 ಗ್ರಾಂ, ಅದರಲ್ಲಿ 120 ಕ್ಯಾಲರಿ. ಬಡಿದು ತೆಳ್ಳಗೆ ಮಾಡಿದ ಒಂದು ಜೋಳದ ರೊಟ್ಟಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಹಾಗಾದರೆ ಬಾಟ್ಲಿ ಖಾಲಿ ಮಾಡಿದ ದಿನ ಒಂದು ರೊಟ್ಟಿ ಬಿಟ್ಟರೆ ಲೆಕ್ಕ ಸಮ, ಎರಡು ಬಿಟ್ಟರೆ ಲಾಭ. ಸಾಹೇಬರು ಒಂದನ್ನೂ ಬಿಡುವುದಿಲ್ಲ. ಬಿಡದಿರುವುದಕ್ಕೆ ಅವರ ದೌರ್ಬಲ್ಯವೊಂದೇ ಕಾರಣ ಎಂದುಕೊಂಡರೆ ಅವರಿಗೆ ಅನ್ಯಾಯ ಮಾಡಿದಂತೆ. ಅವರು ಹಸಿವಾಗಿ ಉಣ್ಣುವ ಮನುಷ್ಯರೇ ಅಲ್ಲ, ಬಹಳ ವರ್ಷಗಳಿಂದ ಅಲ್ಲ. ಎದುರಿಗೆ ಬಂದದ್ದಕ್ಕೆ ಉಣ್ಣುತ್ತಾರೆ, ಹೊತ್ತಾಯಿತೆಂದು ಉಣ್ಣುತ್ತಾರೆ, ಬೀಗರು ಬೇಜಾರಾಗಬಾರದೆಂದು ಉಣ್ಣುತ್ತಾರೆ. ಬಾಗಲಕೋಟೆಯಿಂದ ಹುನಗುಂದಕ್ಕೆ ಕಚೇರಿ ಕೆಲಸಕ್ಕೆ ಹೊರಟರೆ ದಾರಿಯಲ್ಲಿ ಅಮೀನಗಡ ಬರುತ್ತದೆ, ಅಮೀನಗಡ ಬಂದರೆ ಕರದಂಟು ಬರುತ್ತದೆ. ತುಪ್ಪದಲ್ಲಿ ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ, ಉತ್ತತ್ತಿ. ಜಠರದಲ್ಲಿ ಚಿಯಾ ಎಷ್ಟೇ ಊದಿಕೊಂಡಿರಲಿ, ಅದು ಜೀಪು ನಿಲ್ಲಿಸದೆ ಮುಂದೆ ಹೋಗಲು ಹೇಳುವುದಿಲ್ಲ. ಬದಾಮಿಗೆ ಹೋದರೆ ಬನಶಂಕರಿ. ಗುಡಿಯ ಎದುರು ಬುಟ್ಟಿ ಇಳಿಸಿ ಕೂತ ಹೆಣ್ಣುಮಕ್ಕಳು ಸಜ್ಜೆ ರೊಟ್ಟಿ, ಝುಣಕ, ಕೆಂಪು ಚಟ್ನಿ, ಗಡಿಗೆ ಮೊಸರು ಬಡಿಸಿ, “ಇನ್ನೊಂದ ಹಾಕಲ್ರೀ ಅಣ್ಣಾರ?” ಎಂದು ಕೇಳುತ್ತಾರೆ. ಕೇಳುವುದು ರೂಢಿಗೆ, ಉತ್ತರಕ್ಕೆ ಕಾಯುವುದಿಲ್ಲ. ರೊಟ್ಟಿ ಆಗಲೇ ತಾಟಿನಲ್ಲಿರುತ್ತದೆ. ಇಂಥ ಕಡೆ ಒಂದು ಕಾಳು ಏನು ಮಾಡೀತು?

ಬಾಟ್ಲಿ ಇನ್ನೂ ಒಂದು ಕೆಲಸ ಮಾಡುತ್ತದೆ, ಅದು ಕಾಳಿನ ಸ್ವಭಾವದಲ್ಲಿ ಇಲ್ಲದ್ದು. ಸಂಜೆ ಐದಕ್ಕೆ ಮಿರ್ಚಿ ಭಜಿಯ ಬಾಣಲೆ ಚುರ್ರೆಂದಾಗ ಮೊದಲು ಸಾಹೇಬರ ಮನಸ್ಸು ಸ್ವಲ್ಪ ಹಿಂದೆಮುಂದೆ ನೋಡುತ್ತಿತ್ತು. ಈಗ ನೋಡುವುದಿಲ್ಲ. “ಮುಂಜಾನೆ ಚಿಯಾ ಆಗೇತಿ, ನಾಕ ಭಜಿ ನಡೀತಾವು” ಎನ್ನುತ್ತಾರೆ. ನಾಲ್ಕು ಭಜಿಗೆ ಒಂದು ಪ್ಲೇಟು ಗಿರ್ಮಿಟ್ ಜೊತೆಯಾಗುತ್ತದೆ, ಅದಕ್ಕೂ ಅದೇ ಬಾಟ್ಲಿಯ ಪರವಾನಗಿ. ಬೆಳಗಿನ ಪುಣ್ಯವನ್ನು ಸಂಜೆಗೆ ಖರ್ಚು ಮಾಡುವ ಈ ಪದ್ಧತಿ ಏಕಾದಶಿಯಷ್ಟು ಹಳೆಯದು, ಸಾಬೂದಾಣಿಯ ಬಗೆಗಳನ್ನು ಎಣಿಸಿದವರಿಗೆ ಇದು ಗೊತ್ತು. ಮನೆಯಲ್ಲಿ ಬಾಯಾರಿಗೂ ಗೊತ್ತು. ಅವರು ಚಿಯಾದ ಬಗ್ಗೆ ಪರವಾಗಿಯೂ ವಿರೋಧವಾಗಿಯೂ ಮಾತಾಡಿದವರಲ್ಲ. ಹಿಟ್ಟು ಕಲಸುವಾಗ ರೊಟ್ಟಿ ಎಷ್ಟು ಎಂದು ಮಾತ್ರ ಕೇಳುತ್ತಾರೆ, ಸಾಹೇಬರು “ದಿನಾದಷ್ಟ” ಎನ್ನುತ್ತಾರೆ. ಚಿಯಾದ ಮೇಲೆ ಇದಕ್ಕಿಂತ ನಂಬಿಗಸ್ತ ಅಂಕಿಅಂಶ ಇಡೀ ಜಿಲ್ಲೆಯಲ್ಲಿ ಸಿಗಲಾರದು.

ವಿರೋಧದ ಮಾತು ಎರಡು ಕಡೆಯಿಂದ ಬರುತ್ತದೆ. ಒಂದು ಸ್ವದೇಶಿ ಪಕ್ಷದ್ದು: ಎಲ್ಲಿಯದೋ ಮೆಕ್ಸಿಕೊದ ಕಾಳು ನಮಗೇಕೆ? ಈ ವಾದ ನಿಲ್ಲುವುದಿಲ್ಲ. ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಬಂದವು. ಪರದೇಶಿ ಎಂದು ಅವನ್ನು ತೆಗೆದಿಟ್ಟರೆ ಹುನಗುಂದದ ತಾಟಿನಲ್ಲಿ ಶೇಂಗಾ ಹಿಂಡಿಯೂ ಇಲ್ಲ, ಕೆಂಪು ಚಟ್ನಿಯೂ ಇಲ್ಲ, ಬರಿಯ ರೊಟ್ಟಿ ನೋಡುತ್ತ ಕೂಡಬೇಕು. ಚಿಯಾ ಕೂಡ ಈಗ ಪೂರ್ತಿ ಪರದೇಶಿ ಅಲ್ಲ. ಮೈಸೂರಿನ ಸಿಎಫ್‌ಟಿಆರ್‌ಐ ಅದನ್ನು ಇಲ್ಲಿಯ ಮಣ್ಣಿಗೆ ಒಗ್ಗಿಸಿ ರೈತರಿಗೆ ಬೀಜ ಕೊಟ್ಟು, ಎಚ್.ಡಿ. ಕೋಟೆಯ ಕಡೆ ಹೊಲಗಳಲ್ಲಿ ಅದು ಬೆಳೆದಾಗಿದೆ. ಇನ್ನೊಂದು ಆಕ್ಷೇಪ ಅಡುಗೆಮನೆಯದು, ಅದಕ್ಕೆ ಉತ್ತರ ಕೊಡುವುದು ಕಷ್ಟ. ಇದೇ ಕೆಲಸ ಮಾಡುವ ಅಗಸಿ ಮನೆಯಲ್ಲೇ ಇಲ್ಲವೇ? ಅಗಸಿಯಲ್ಲಿ ನೂರು ಗ್ರಾಂಗೆ 27 ಗ್ರಾಂ ನಾರು, ಅದಕ್ಕೂ ಲೋಳೆ ಉಂಟು. ಸಾಹೇಬರು ಬಾಯಿ ತುಂಬ ಹೇಳುವ ಒಮೆಗಾ-3 ಕೊಬ್ಬು ಚಿಯಾಕ್ಕಿಂತ ಅಗಸಿಯಲ್ಲೇ ತುಸು ಹೆಚ್ಚು. ಅಗಸಿಯ ನಾರು ಹಸಿವನ್ನು ತಗ್ಗಿಸುತ್ತದೆಂದು ಡೆನ್ಮಾರ್ಕಿನವರು 2012ರಲ್ಲಿ ಪರೀಕ್ಷಿಸಿ ಬರೆದರು. ಕಾಮಕಸ್ತೂರಿ ಬೀಜ, ಬಾಣಂತಿಯ ಪಾಯಸಕ್ಕೆ ಹಾಕುವ ಅಳವಿ, ಇವೂ ನೀರಿನಲ್ಲಿ ಹೀಗೆಯೇ ಉಬ್ಬುತ್ತವೆ. ಚಿಯಾದ ಪರ ನ್ಯಾಯವಾಗಿ ಹೇಳಬಹುದಾದದ್ದೂ ಇದೆ: ಅಗಸಿಯ ಸಿಪ್ಪೆ ಗಟ್ಟಿ, ಪುಡಿ ಮಾಡದಿದ್ದರೆ ಹಾಗೆಯೇ ಹೊರಗೆ ಹೋಗುತ್ತದೆ, ಪುಡಿ ಮಾಡಿದರೆ ಬೇಗ ಕಮಟು ವಾಸನೆ ಬರುತ್ತದೆ, ಚಿಯಾವನ್ನು ನೆನೆಸಿದರೆ ಸಾಕು. ಅಷ್ಟರ ಮಟ್ಟಿಗೆ ಅದು ಆಲಸಿಗಳ ಅಗಸಿ. ಆದರೆ ಸಾಹೇಬರು ಚಿಯಾವನ್ನು ಆರಿಸಿಕೊಂಡದ್ದು ಸಿಪ್ಪೆ ನೋಡಿ ಅಲ್ಲ. ಅಗಸಿ ಹಿಂಡಿ ತಿನ್ನುವವನನ್ನು ವಾಕಿಂಗಿನಲ್ಲಿ ಯಾರೂ ನಿಲ್ಲಿಸಿ ಕೇಳುವುದಿಲ್ಲ.

ಇಷ್ಟಕ್ಕೂ ಹಸಿವನ್ನು ಕೊಲ್ಲಲು ದುಡ್ಡು ಕೊಡುವ ಆಸೆ ಈ ಸೀಮೆಗೆ ಹೊಸದು. 1876ರಿಂದ 78ರ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ, ಎಂದರೆ ಇಂದಿನ ಬಾಗಲಕೋಟೆ-ವಿಜಯಪುರದ ಕಡೆ, ಜನ ಸತ್ತು, ಗುಳೆ ಹೋಗಿ, 1881ರ ಜನಗಣತಿಯ ಹೊತ್ತಿಗೆ ಒಂಬತ್ತು ವರ್ಷದ ಹಿಂದಿನ ಜನಸಂಖ್ಯೆಯಲ್ಲಿ ಸುಮಾರು ಐದನೇ ಒಂದು ಪಾಲು ಕಾಣೆಯಾಗಿತ್ತು. ಈ ನೆಲದ ದೇವಿ ಬನಶಂಕರಿ ಶಾಕಂಬರಿ, ಬರಗಾಲದಲ್ಲಿ ಕಾಯಿಪಲ್ಲೆ ಬೆಳೆಸಿ ಲೋಕದ ಹೊಟ್ಟೆ ತುಂಬಿಸಿದವಳು. ಪುಷ್ಯ ಮಾಸದ ಜಾತ್ರೆಗೆ ಮುಂಚೆ ಆಕೆಗೆ 108 ಬಗೆಯ ಪಲ್ಯದ ನೈವೇದ್ಯವಾಗುತ್ತದೆ. ಬದಾಮಿಯ ಮೇಣಬಸದಿಗಳ ಜಗಲಿಯ ಅಂಚಿನಲ್ಲಿ ಆರನೆಯ ಶತಮಾನದಿಂದ ಕುಣಿಯುತ್ತಿರುವ ಕುಬ್ಜ ಗಣಗಳ ಹೊಟ್ಟೆ ನೋಡಿ, ಒಂದಾದರೂ ಒಳಗೆ ಎಳೆದುಕೊಂಡದ್ದಿಲ್ಲ. ಇಂಥಲ್ಲಿ ಬಂದವರಿಗೆ ಮೊದಲು ಕೇಳುವುದು “ಉಂಡ್ರೇನ್ರಿ?” ಎಂದು. “ಹಸಿವಿಲ್ಲ” ಎಂಬ ಉತ್ತರವನ್ನು ಯಾರೂ ನಂಬುವುದಿಲ್ಲ, ಸಂಕೋಚ ಎಂದುಕೊಂಡು ಎರಡು ಸೌಟು ಹೆಚ್ಚು ಬಡಿಸುತ್ತಾರೆ. ಹೊಟ್ಟೆಯ ಹಸಿವನ್ನು ಚಿಯಾ ತಗ್ಗಿಸೀತು, ಆದರೆ ಬಡಿಸುವವರ ಹಸಿವನ್ನು ತಗ್ಗಿಸುವ ಕಾಳು ಯಾವುದು? ಇದನ್ನು ಸಾಹೇಬರ ಪರವಾದ ವಾದವೆಂದು ತೆಗೆದುಕೊಂಡರೂ ಅಡ್ಡಿಯಿಲ್ಲ.

ಹೋಗಲಿ, ಕುಡಿಯಲಿ ಬಿಡಿ, ಉಪಯೋಗವಿಲ್ಲದಿದ್ದರೂ ಅಪಾಯವಿಲ್ಲವಲ್ಲ ಎನ್ನುವವರಿದ್ದಾರೆ. ಬಹುಮಟ್ಟಿಗೆ ನಿಜ. ಆದರೆ ಒಣ ಕಾಳನ್ನು ಬಾಯಿಗೆ ಹಾಕಿಕೊಂಡು ಮೇಲೆ ನೀರು ಕುಡಿಯುವ ಅವಸರದ ಸಾಹೇಬರೂ ಇದ್ದಾರೆ, ಅದು ಕೂಡದು. ಮೊದಲಿನಿಂದಲೂ ನುಂಗಲು ತೊಂದರೆಯಿದ್ದ ಒಬ್ಬನು ಹಾಗೆ ಮಾಡಿ, ಕಾಳು ಅನ್ನನಾಳದಲ್ಲೇ ಉಬ್ಬಿ ಸಿಕ್ಕಿಕೊಂಡ ಪ್ರಕರಣವನ್ನು ಅಮೆರಿಕದ ವೈದ್ಯರು 2014ರಲ್ಲಿ ವರದಿ ಮಾಡಿದ್ದಾರೆ. ನೆನೆಸಿಯೇ ಕುಡಿಯಬೇಕು, ನೀರು ಸಾಕಷ್ಟು ಬೇಕು, ಸಕ್ಕರೆ ಅಥವಾ ಬಿಪಿ ಗುಳಿಗೆ ನುಂಗುವವರು ಡಾಕ್ಟರಿಗೆ ಒಂದು ಮಾತು ತಿಳಿಸಬೇಕು. ಇಷ್ಟು ಪಾಲಿಸಿದರೆ ನಷ್ಟ ಕಿಸೆಗೆ ಮಾತ್ರ.

ತೂಕದ ಪ್ರಶ್ನೆಗೆ ಇಳಕಲ್ಲಿನಲ್ಲೇ ಒಂದು ಹಳೆಯ ಉತ್ತರವಿದೆ. ಅಲ್ಲಿಯ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಅವರ ಹುಟ್ಟಿದ ದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸುತ್ತಾರೆ. ಆ ಜೋಳಿಗೆಗೆ ಕೊಡುವವನು ಕೈಯಲ್ಲಿದ್ದ ಬೀಡಿಯನ್ನೋ ಗುಟಕಾವನ್ನೋ ಬಿಡಲೇಬೇಕಿತ್ತು. ಚಿಯಾ ಸಾಹೇಬರ ಚೀಲ ತಿರುವುಮುರುವು. ಅವರು ಏನನ್ನೂ ಬೇಡುವುದಿಲ್ಲ, ಪುಡಿಕೆ ಕಟ್ಟಿ ಕೊಟ್ಟು ಬರುತ್ತಾರೆ. ಅದಕ್ಕೇ ಅವರ ಪ್ರಚಾರ ಇಷ್ಟು ಬೇಗ ಹಬ್ಬಿದ್ದು. ಸಾಲ ಬೇಕಾದರೂ ಮಾಡಿ ಕಾಳು ಕೊಂಡಾರು, ಒಂದು ಭಜಿ ಬಿಡುವುದಕ್ಕೆ ಜನ ಹತ್ತು ಸಲ ಯೋಚಿಸುತ್ತಾರೆ. ಹನ್ನೊಂದು ಗಂಟೆಯ ಚಹಾ-ಬಿಸ್ಕೀಟಿನ ಬದಲು ಒಂದು ಚಮಚ ಕಾಳು ನೆನೆಸಿದ ಮೊಸರು, ಮಧ್ಯಾಹ್ನ ಒಂದು ರೊಟ್ಟಿ ಕಡಿಮೆ, ಅದರ ಜಾಗದಲ್ಲಿ ಮಡಿಕಿಕಾಳಿನ ಪಲ್ಯ: ಹೀಗಾದರೆ ಟೊರೊಂಟೊದಲ್ಲಿ ಆದದ್ದು ಇಳಕಲ್ಲಿನಲ್ಲೂ ಆದೀತು. ‘ಬದಲು’ ಎನ್ನುವ ಮಾತೇ ಸಾಹೇಬರಿಗೆ ಒಗ್ಗದು, ಅವರ ಆಹಾರಶಾಸ್ತ್ರದಲ್ಲಿ ಇರುವುದು ‘ಜೊತೆಗೆ’ ಮಾತ್ರ.

ಈ ‘ಜೊತೆಗೆ’ ಎಲ್ಲಿಗೆ ಮುಟ್ಟುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಸಾಹೇಬರು ಇಳಕಲ್ಲಿನ ಬೀಗರಿಗೆ ಅರ್ಧ ಕಿಲೊ ಚಿಯಾ ಕೊಟ್ಟು, ಉಪದೇಶ ಮಾಡಿ ಬರುತ್ತಾರೆ. ಕಾಳು, ಹಿಂಡಿ, ಅಂಟು ಯಾವುದು ಕೈಗೆ ಸಿಕ್ಕರೂ ಉಂಡಿ ಕಟ್ಟಬಲ್ಲ ಮನೆ ಅದು. ಚಿಯಾ ಹುರಿಯುತ್ತಾರೆ, ಎಳ್ಳು, ಶೇಂಗಾ, ಒಣಕೊಬ್ಬರಿ ಕೂಡಿಸುತ್ತಾರೆ, ಬೆಲ್ಲದ ಪಾಕ ಹಾಕಿ, ತುಪ್ಪ ಸವರಿದ ಅಂಗೈಯಲ್ಲಿ ಕಟ್ಟುತ್ತಾರೆ. ಮುಂದಿನ ಸಲ ಹೋದಾಗ ತಾಟಿನ ತುಂಬ ಉಂಡಿ ಬರುತ್ತದೆ. “ನೀವ ಕೊಟ್ಟಿದ್ದ ಚಿಯಾದ್ದರೀ, ಬ್ಯಾಡ ಅನಬ್ಯಾಡ್ರಿ.” ಸಾಹೇಬರು ಎರಡು ತಿಂದು, ಮೂರನೆಯದನ್ನು ಕೈಗೆ ತೆಗೆದುಕೊಂಡು, ಇದರಲ್ಲಿ ನಾರಿನಂಶ ಎಷ್ಟಿದೆ ಎಂದು ವಿವರಿಸಲು ಶುರುಮಾಡುತ್ತಾರೆ.