ಯೂ-ಟರ್ನ್ ಪುರಾಣ

ಹೈದರಾಬಾದಿನಲ್ಲಿ ಎಷ್ಟೋ ಕಡೆ ಬಲಕ್ಕೆ ಹೋಗಬೇಕಿದ್ದರೆ ಮೊದಲು ಎಡಕ್ಕೆ ಹೊರಳಿ, ಮುಂದೆ ಸಾಗಿ ಯೂ-ಟರ್ನ್ ಹೊಡೆಯಬೇಕು. ಕಾಚಿಗುಡದಲ್ಲಿದ್ದು ಈ ವಿದ್ಯೆ ಕಲಿತ ನಾನು ಅದನ್ನೇ ಅಂದೇ ಕೊಂಡು ಅಂದೇ ಮಾರುವ ಇಂಟ್ರಾಡೇ ಷೇರು ವ್ಯಾಪಾರಕ್ಕೂ ಹಚ್ಚಿದೆ.

9.15ಕ್ಕೆ ಪೇಟೆ ತೆರೆದೊಡನೆ 100 ಷೇರು ಕೊಂಡೆ, ಬೆಲೆ ಇಳಿಯಿತು. ‘ತಿರುಗಿಸು’ ಎಂದಿತು ಬುದ್ಧಿ. ತಿರುಗಿಸುವುದೆಂದರೆ 200 ಮಾರಬೇಕು: 100 ತಪ್ಪೊಪ್ಪಿಗೆಗೆ, 100 ಹೊಸ ತಪ್ಪಿಗೆ, ಅಂದರೆ ಕೈಲಿಲ್ಲದ್ದನ್ನು ಮೊದಲು ಮಾರಿ, ಇಳಿದ ಮೇಲೆ ಕೊಳ್ಳುವ ಆಸೆಗೆ. ಮಾರಿದೆ; ಏರಿತು. ಮತ್ತೆ ಕೊಂಡೆ, ಇಳಿಯಿತು. ಇರಾನಿ ಚಹಾ ಆರುವಷ್ಟರಲ್ಲಿ ನಾಲ್ಕು ತಿರುವು. ಗಿಟ್ಟಿದ್ದು ದಲ್ಲಾಳಿಗೆ ಮಾತ್ರ.

ಹಾಗೆಂದು ತಿರುಗದೆ ಕೂರುವುದೂ ಕಷ್ಟವೇ. 2009ರ ಜನವರಿ 7ರಂದು ಇದೇ ಊರಿನ ಸತ್ಯಂ ಕಂಪನಿಯ ಲೆಕ್ಕದ ಸುಳ್ಳು ಹೊರಬಿದ್ದಾಗ, ಷೇರು ಒಂದೇ ದಿನದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಕರಗಿತ್ತು.

ಅದಕ್ಕೇ ಸೋಲೊಪ್ಪುವ ಗೆರೆಯನ್ನು ಕೊಳ್ಳುವ ಮೊದಲೇ ಎಳೆದಿಡಬೇಕು. ದಾಟಿದರೆ ಹೊರಬೀಳಬೇಕು, ತಿರುಗಲು ಬೇಕಾದದ್ದು ಹೊಸ ಕಾರಣ, ಹಳೆಯ ಸಿಟ್ಟಲ್ಲ. ಷೇರು ಪೇಟೆಯ ನಿಯಂತ್ರಕ ಸೆಬಿಯ ಲೆಕ್ಕದಂತೆ 2022–23ರಲ್ಲಿ ನಗದು ಷೇರಿನ ಇಂಟ್ರಾಡೇಗಿಳಿದ 10 ಮಂದಿಯಲ್ಲಿ 7 ಮಂದಿಗೆ ನಷ್ಟ. ಎಂಟನೆಯವನಾಗಲು ಹೊರಟ ನಾನು ಏಳರೊಳಗೇ ಉಳಿದೆ.

ಈಗ ನನ್ನ ಯೂ-ಟರ್ನ್ ರಸ್ತೆಯಲ್ಲಷ್ಟೇ. ಅಲ್ಲಿ ಹೋಗುವುದು ಬರೀ ಪೆಟ್ರೋಲು!