ಜಂಕ್ಷನ್ ಮೀಮಾಂಸೆ ಅಥವಾ ಅರಸೀಕೆರೆಯಲ್ಲಿ ದರ್ಶನೀಯ ಪದಾರ್ಥ ನಿರ್ಣಯ

ಬೆಂಗಳೂರು–ಹುಬ್ಬಳ್ಳಿ ರೈಲು ಹತ್ತಿದವರಲ್ಲಿ ಅರಸೀಕೆರೆ ನೋಡಿಲ್ಲ ಎನ್ನುವವರು ದುರ್ಲಭ. ಆದರೆ ಅವರು ನೋಡಿದ ಅರಸೀಕೆರೆ ಯಾವುದು? ಪೂರ್ವಸೂರಿಗಳು ಈ ಪ್ರಶ್ನೆಯನ್ನು ಎತ್ತದೆ ಬಿಟ್ಟದ್ದರಿಂದ ಪ್ರಸ್ತುತ ಗ್ರಂಥ ಅವತರಿಸಿದೆ. ಗ್ರಂಥ ತೀರಾ ಪುಟ್ಟದು ಎಂಬ ಆಕ್ಷೇಪ ಸಲ್ಲದು. ರೈಲು ನಿಲ್ಲುವುದೂ ಅಷ್ಟೇ ಹೊತ್ತು.

ಮೊದಲು ಪ್ರಮಾಣ ವಿಚಾರ. ಹಳದಿ ಹಲಗೆಯ ಮೇಲಿನ ಕಪ್ಪಕ್ಷರ ಪ್ರತ್ಯಕ್ಷ. ತಿಪಟೂರಿನಿಂದ ಮುಗಿಯದೇ ಬಂದ ತೆಂಗಿನ ತೋಟ ಕಂಡು, ಇನ್ನೇನು ಬಂತು ಎಂದು ಸೀಟಿನ ಕೆಳಗೆ ಚಪ್ಪಲಿ ತಡಕುವುದು ಅನುಮಾನ. ಧ್ವನಿವರ್ಧಕದ ಪ್ರಕಟಣೆ ಶಬ್ದ. ಆಪ್ತವಾಕ್ಯವೇನೋ ಹೌದು, ಆದರೆ ಅದರಲ್ಲಿ ‘ಪ್ರಯಾಣಿಕರ ಗಮನಕ್ಕೆ’ ಎಂಬಷ್ಟೇ ಶ್ರುತ, ಮಿಕ್ಕದ್ದೆಲ್ಲ ಊಹ್ಯ.

ಇನ್ನು ಪೂರ್ವಪಕ್ಷ. ಊರೊಳಗೆ ಹೊಯ್ಸಳರ ಈಶ್ವರ ದೇವಾಲಯವಿದೆಯಲ್ಲ, ನೋಡತಕ್ಕದ್ದು ಅದೇ ಎಂದು ಕೆಲವರ ಮತ. ಸುಮಾರು 1220ರದು, ಬಳಪದ ಕಲ್ಲಿನದು. ನಕ್ಷತ್ರಾಕಾರದ ಗರ್ಭಗುಡಿಯನ್ನು ಹೊಯ್ಸಳರು ಬೇರೆ ಊರುಗಳಲ್ಲೂ ಕಟ್ಟಿದ್ದಾರೆ. ಇಲ್ಲಿ ಮುಂದಿನ ತೆರೆದ ಮಂಟಪವೇ 16 ಮೂಲೆಗಳ ನಕ್ಷತ್ರ, ಅದು ಅಪರೂಪ. ನುಣ್ಣಗೆ ಕಡೆದ ಕಂಬಗಳ ನಡುವೆ ನಿಂತು ತಲೆಯೆತ್ತಿದರೆ ಗುಮ್ಮಟದ ಹಾಗೆ ಮೇಲೆದ್ದ ಕಲ್ಲಿನ ಸೂರು. ಸಾಲದೆಂದರೆ ಸಹಸ್ರಕೂಟ ಜಿನಾಲಯವಿದೆ. ವೀರಬಲ್ಲಾಳನ ಮಂತ್ರಿ ರೇಚರಸ ಅದೇ 1220ರಲ್ಲಿ ಕಟ್ಟಿಸಿದ್ದು, ಸಾವಿರ ಜಿನಬಿಂಬಗಳದು.

ಇದಕ್ಕೆ ಸಿದ್ಧಾಂತಿಯ ಸಮಾಧಾನ: ಮೂಲೆಗೊಂದು ಸೆಲ್ಫಿಯೆಂದರೂ ಹದಿನಾರಾಯಿತು. ಸಾವಿರ ಬಿಂಬಕ್ಕೆ ಕೈಮುಗಿದು ತಲೆಯೆತ್ತುವಷ್ಟರಲ್ಲಿ ರೈಲು ಕಡೂರು ದಾಟಿ ಬೀರೂರು ಮುಟ್ಟಿರುತ್ತದೆ. ರೈಲು ತಪ್ಪಿಸುವ ವಸ್ತು ಎಷ್ಟು ಸುಂದರವಾದರೂ ಪ್ರೇಕ್ಷಣೀಯವಾಗದು. ತಪ್ಪಿಸಿಕೊಂಡವನ ಮನೆಯವರು ಒಪ್ಪುವುದಿಲ್ಲ. ಆದ್ದರಿಂದ ದರ್ಶನೀಯ ಪದಾರ್ಥ ಒಂದೇ, ಅದು ವಡೆ.

ದರ್ಶನವಿಧಿ ಹೀಗೆ. ಒಂದು ಕಾಲು ಪ್ಲಾಟ್‌ಫಾರಂ ಮೇಲೆ, ಇನ್ನೊಂದು ಬೋಗಿಯ ಮೆಟ್ಟಿಲ ಮೇಲೆ. ನೋಟು ಕೊಟ್ಟಾಗಿದೆ, ಚಿಲ್ಲರೆ ಬಂದಿಲ್ಲ. ಚಟ್ನಿ ಪೇಪರನ್ನು ನೆನೆಸಿಕೊಂಡು ಮುಂಗೈಯಿಂದ ಮೊಣಕೈಗೆ ಇಳಿಯುತ್ತಿದೆ. ಒರೆಸಲು ಕೈ ಖಾಲಿಯಿಲ್ಲ. ಒಂದು ಕಣ್ಣು ಸಿಗ್ನಲ್ ಮೇಲೆ, ಇನ್ನೊಂದು ಚಿಲ್ಲರೆ ಎಣಿಸುವವನ ಬೆರಳ ಮೇಲೆ. ಅಷ್ಟರಲ್ಲಿ ಮೇಲಿನ ಬರ್ತಿನಿಂದ, “ರೀ, ನೀರಿನ ಬಾಟ್ಲು!” ಈ ಸ್ಥಿತಿಯಲ್ಲಿ ಚಿತ್ತಕ್ಕೆ ಬರುವ ಏಕಾಗ್ರತೆಯನ್ನು ಯೋಗಶಾಸ್ತ್ರಜ್ಞರು ಇನ್ನೂ ಪರಿಶೀಲಿಸಿಲ್ಲ.

ಉತ್ಸರ್ಗಕ್ಕೆ ಅಪವಾದವುಂಟು. ಹಾಸನದ ಕಡೆಗೆ ರೈಲು ಬದಲಿಸಬೇಕಾದ ಕೆಲವರಿಗೆ ಕೈಯಲ್ಲಿ ತಾಸುಗಟ್ಟಲೆ ಹೊತ್ತಿರುತ್ತದೆ. ಹೊರಗೆ ಆಟೋ ನಿಂತಿರುತ್ತದೆ, ದೇವಸ್ಥಾನ ದೂರವೇನಲ್ಲ. ಆದರೂ ಬ್ಯಾಗನ್ನು ದಿಂಬು ಮಾಡಿಕೊಂಡು ಬೆಂಚಿನ ಮೇಲೆ ಮಲಗಿ, ಮನೆಗೆ ಹೋದ ಮೇಲೆ “ಅರಸೀಕೆರೇಲಿ ನೋಡೋಕೆ ಏನೂ ಇಲ್ಲಪ್ಪ” ಎಂದು ಸಾರುವವರು ಇವರೇ. ವಡೆಯ ನೆಪ ಇವರಿಗೆ ಸಲ್ಲದು. ಮಂಟಪದ ಹದಿನಾರೂ ಮೂಲೆಗಳನ್ನು ಬೆರಳು ಮಡಿಸಿ ಎಣಿಸುವುದು, ಲೆಕ್ಕ ತಪ್ಪಿದರೆ ಸುಮಾರು 8 ಕಿ.ಮೀ. ದೂರದ ಹಾರನಹಳ್ಳಿಗೂ ಹೋಗಿ ಅಲ್ಲಿನ ಎರಡು ಹೊಯ್ಸಳ ಗುಡಿಗಳನ್ನು ನೋಡಿ ಬರುವುದು ಪ್ರಾಯಶ್ಚಿತ್ತ. ಲಗೇಜು ಕಾಯಲು ಯಾರೂ ಇಲ್ಲ ಎನ್ನುವವರು ಅದನ್ನು ಹೊತ್ತುಕೊಂಡೇ ಎಣಿಸತಕ್ಕದ್ದು.