ಕೊಂಡಿ ಎಲ್ಲೈತಿ?

(ಬೆಂಗಳೂರಿನ ಒಂದು ಫ್ಯಾಷನ್ ಕಾಲೇಜು. ಎಐ ಸಾಕ್ಷರತೆಯ ಮೊದಲ ಕ್ಲಾಸು. ಅತಿಥಿಯಾಗಿ ಬಂದವರು ಇಳಕಲ್ಲಿನ ನೇಕಾರಜ್ಜ.)

ವಿದ್ಯಾರ್ಥಿನಿ: ಮೇಡಂ, ಇಳಕಲ್ ಸೀರೆ ಅಸೈನ್‌ಮೆಂಟ್ ರೆಡಿ. ಕಾಫಿ ಆರೋದ್ರೊಳಗೆ 40 ಡಿಸೈನ್!

ಮೇಡಂ: ಭೇಷ್! ಮಾಡೆಲ್ ಕೈಗೆ ಆರು ಬೆರಳು ಯಾಕಮ್ಮ?

ವಿದ್ಯಾರ್ಥಿನಿ: ಅದು ಹೊಸ ಟ್ರೆಂಡ್ ಮೇಡಂ.

ಅಜ್ಜ: ಬೆರಳು ಇರ್ಲಿ ಬಿಡವ್ವ. ಈ ಸೀರಿಗೆ ಕೊಂಡಿ ಎಲ್ಲೈತಿ?

ವಿದ್ಯಾರ್ಥಿನಿ: ಈಗ್ಲೇ ಲಿಂಕ್ ಕಳಿಸ್ತೀನಿ ಅಜ್ಜ, ನಿಮ್ಮ ವಾಟ್ಸಾಪ್ ನಂಬರ್ ಹೇಳಿ.

ಅಜ್ಜ: ಆ ಕೊಂಡಿ ಅಲ್ಲವ್ವ! ಮೈ ಹಾಸಿನ ಎಳಿ, ಸೆರಗಿನ ಹಾಸಿನ ಎಳಿ ಬ್ಯಾರೆ ಬ್ಯಾರೆ. ಎರಡನ್ನೂ ಒಂದಕ್ಕೊಂದು ಸಿಗಿಸಿ ಕೂಡ್ಸೋದು ಕೊಂಡಿ. ಅದಿಲ್ದಿದ್ರ ಸೆರಗು ಕೈಗೇ ಬರ್ತೈತಿ.

ಮೇಡಂ: ಕಸೂತಿ ಆದ್ರೂ ಸರಿಯಾಗಿದೆಯಾ? ಗವಂತಿ ಹೊಲಿಗೆ ಅಂತ ಬರೆದಿದೆ.

ಅಜ್ಜ: ಹಿಂದ ತಿರುವಿ ತೋರ್ಸವ್ವ. ಗವಂತಿ ಎರಡೂ ಕಡೆ ಒಂದೇ ನಮೂನಿ ಕಾಣ್ಬೇಕು, ಗಂಟು ಇರಬಾರ್ದು.

ವಿದ್ಯಾರ್ಥಿನಿ: ಸ್ಕ್ರೀನಿಗೆ ಹಿಂದುಗಡೆ ಇಲ್ಲ ಅಜ್ಜ.

ಅಜ್ಜ: ಈ ಯಂತ್ರಕ್ಕ ಸೀರಿ ಕಲಿಸಿದವ್ರು ಯಾರು?

ವಿದ್ಯಾರ್ಥಿನಿ: ಯಾರೂ ಇಲ್ಲ. ನೆಟ್‌ನಲ್ಲಿರೋ ಲಕ್ಷಗಟ್ಟಲೆ ಫೋಟೋ ನೋಡಿ ತಾನೇ ಕಲೀತು.

ಅಜ್ಜ: ಅದ್ರಾಗ ನಮ್ಮ ಸೀರೀನೂ ಇರ್ಬೇಕಲ್ಲ? ಕೂಲಿ ಯಾರು ಕೊಡ್ತಾರ?

(ಮೌನ.)

ಮೇಡಂ: ಬರ್ಕೊಳ್ಳಿ ಮಕ್ಕಳೇ. ಯಂತ್ರ ಕೊಟ್ಟಿದ್ದನ್ನ ಹಿಂದೆ-ಮುಂದೆ ತಿರುವಿ ನೋಡೋದೇ ಎಐ ಸಾಕ್ಷರತೆ.

ವಿದ್ಯಾರ್ಥಿನಿ: ಮೇಡಂ, ನೀವು ಕೊಟ್ಟ ಸಿಲಬಸ್ಸಿನ ಮೊದಲ ಸಾಲು 'ಖಂಡಿತ, ನೀವು ಕೇಳಿದ ಸಿಲಬಸ್ ಇಲ್ಲಿದೆ' ಅಂತಿದೆಯಲ್ಲ?

ಅಜ್ಜ: ಚಲೋ ಆತು ಬಿಡ್ರಿ. ಮೈ, ಸೆರಗು ಎರಡೂ ಒಂದೇ ಮಗ್ಗದಾಗ ನೇದಂಗಾತು!